ವರ್ಡ್ ಪ್ರೊಸೆಸರ್‌ಗೆ ಮೊದಲು ಬೇಕಿರುವುದು ಹೊಸ ವಿನ್ಯಾಸವೋ, ಬಾಕಿ ಉಳಿದ ಸೌಲಭ್ಯಗಳೋ?

ಪ್ರಶ್ನೆ — ಕೈಪಿಡಿ ಬರೆಯುವವ

ಎಲ್ಲರಿಗೂ ನಮಸ್ಕಾರ. ಯಂತ್ರಗಳ ಬಳಕೆ ಕೈಪಿಡಿ ಬರೆಯುವುದು ನನ್ನ ಕೆಲಸ. ಹನ್ನೆರಡು ವರ್ಷವಾಯಿತು, ಬೆಳಿಗ್ಗೆ ಕೂತರೆ ಸಂಜೆವರೆಗೂ ಕಣ್ಣೆದುರು ಇರುವುದು ವರ್ಡ್ ಪ್ರೊಸೆಸರ್ ಒಂದೇ. ನಾನು ಬಳಸುವುದು ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ಒಂದು ಉಚಿತ ತಂತ್ರಾಂಶ. ಹೆಸರು ಬೇಡ, ಮುಂದೆ ಹೇಳುವ ತೊಂದರೆ ಅದೊಂದರದ್ದೇ ಅಲ್ಲ. ಅದನ್ನು ಕಟ್ಟುವ ತಂಡದವರು ಹಳೆಯ ಬಳಕೆದಾರರಿಗೆಲ್ಲ ಪತ್ರ ಬರೆದು ಕೇಳಿದ್ದಾರೆ: ಮುಂದಿನ ವರ್ಷಕ್ಕೆ ಕೆಲಸ ಮಾಡುವ ಕೈಗಳು ಕಡಿಮೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಪರದೆಯನ್ನು ಪೂರ್ತಿ ಹೊಸದಾಗಿ ವಿನ್ಯಾಸ ಮಾಡುವುದೋ, ವರ್ಷಗಟ್ಟಲೆ ಬಾಕಿ ಬಿದ್ದಿರುವ ಸೌಲಭ್ಯಗಳನ್ನು ಮುಗಿಸುವುದೋ? ತಿಂಗಳ ಕೊನೆಯೊಳಗೆ ಅಭಿಪ್ರಾಯ ತಿಳಿಸಿ ಎಂದಿದ್ದಾರೆ.

ಪತ್ರ ಓದಿದ ಕೂಡಲೇ "ಸೌಲಭ್ಯ" ಎಂದು ಒಂದೇ ಪದ ಬರೆದು ಕಳಿಸಲು ಹೊರಟಿದ್ದೆ. ಕಾರಣವಿದೆ.

ಹೋದ ವರ್ಷ 340 ಪುಟದ ಒಂದು ಕೈಪಿಡಿ ಮುದ್ರಣಕ್ಕೆ ಹೋಗುವ ಹಿಂದಿನ ಸಂಜೆ, ನಾಲ್ಕನೇ ಅಧ್ಯಾಯವನ್ನು ಆರನೆಯದರ ನಂತರಕ್ಕೆ ಹಾಕಬೇಕು ಎಂದು ತೀರ್ಮಾನವಾಯಿತು. ಒಟ್ಟು 118 ಚಿತ್ರ. ಅಧ್ಯಾಯವನ್ನು ಎತ್ತಿ ಇಟ್ಟೆ, ಎಫ್9 ಒತ್ತಿದೆ, ಚಿತ್ರಗಳ ಕೆಳಗಿನ ಅಡಿಬರಹದ ಸಂಖ್ಯೆಗಳೆಲ್ಲ ಸರಸರನೆ ಬದಲಾದವು. ಸಮಾಧಾನವಾಯಿತು. ಆಮೇಲೆ ಪಠ್ಯ ನೋಡುತ್ತೇನೆ, 23 ಕಡೆ "ಎರರ್: ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್". ಇವನ್ನು ಹುಡುಕಿ ಹಿಡಿಯಬಹುದು, ಹಿಡಿದೆ. ಹೆದರಿಸಿದ್ದು ಬೇರೆ. ಇನ್ನು ಕೆಲವು ಕಡೆ ಹಳೆಯ ಸಂಖ್ಯೆ ಅಲ್ಲಾಡದೆ ಕೂತಿತ್ತು. "ಒತ್ತಡ ಇಳಿಸುವ ವಾಲ್ವ್‌ಗೆ ಚಿತ್ರ 41 ನೋಡಿ" ಎಂಬ ಸಾಲಿದೆ. ಚಿತ್ರ 41ಕ್ಕೆ ಹೋದರೆ ಅಲ್ಲಿರುವುದು ಎಣ್ಣೆ ತುಂಬುವ ಮುಚ್ಚಳ. ಸ್ಪ್ಯಾನರ್ ಹಿಡಿದು ಯಂತ್ರದ ಮುಂದೆ ನಿಂತವರು ಆ ಪುಟ ನೋಡಿ ಮುಚ್ಚಳ ಬಿಚ್ಚಿದ್ದರೆ? ಇಡೀ ಕೈಪಿಡಿ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಸಾಲು ಸಾಲಿಗೂ ಟಿಕ್ ಹಾಕುತ್ತಾ ಹೋದೆ. ಮುಗಿದಾಗ ಬೆಳಗಿನ ಜಾವ ಮೂರೂವರೆ.

ಆಮೇಲೆ ಕಾರಣ ಹುಡುಕಿದೆ. ಎರರ್ ಬಂದ ಕಡೆಯೆಲ್ಲ ಯಾರೋ ಅಡಿಬರಹದ ಸಾಲನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದ್ದರು. ಆ ಸಾಲಿನೊಳಗೆ ಕಣ್ಣಿಗೆ ಕಾಣದ ಒಂದು ಬುಕ್‌ಮಾರ್ಕ್ ಇರುತ್ತದೆ. ಕ್ರಾಸ್ ರೆಫರೆನ್ಸ್, ಅಂದರೆ "ಚಿತ್ರ ಇಷ್ಟು ನೋಡಿ" ಎಂಬಲ್ಲಿ ಸಂಖ್ಯೆಯನ್ನು ತಾನಾಗಿ ತುಂಬುವ ಕೊಂಡಿ, ಹಿಡಿದುಕೊಂಡಿರುವುದು ಅದನ್ನೇ. ಸಾಲು ಅಳಿಸಿದಾಗ ಅದೂ ಹೋಯಿತು, ತಂತ್ರಾಂಶ ತುಟಿ ಪಿಟಕ್ಕೆನ್ನಲಿಲ್ಲ. ಇದು ಸೌಲಭ್ಯದ ಕೊರತೆ, ಅನುಮಾನವೇ ಇಲ್ಲ. ಹಳೆಯ ಸಂಖ್ಯೆ ಉಳಿದುಕೊಂಡ ಕಡೆಯ ಕಥೆ ಹಾಗಲ್ಲ. ಅವನ್ನೆಲ್ಲ ನನ್ನ ಕಿರಿಯ ಸಹೋದ್ಯೋಗಿ "ಚಿತ್ರ 41" ಎಂದು ಕೈಯಾರೆ ಟೈಪ್ ಮಾಡಿದ್ದರು. ಸಂಖ್ಯೆ ತಾನಾಗಿ ಬದಲಾಗುವ ಸೌಲಭ್ಯ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅದೇ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿರುವವರು, ತುಂಬ ಚುರುಕು.

ಅಲ್ಲಿಗೆ ನನ್ನ ಒಂದು ಪದದ ಉತ್ತರ ನಿಂತುಹೋಯಿತು. ಇರುವ ಸೌಲಭ್ಯ ಕಣ್ಣಿಗೇ ಬೀಳದಿದ್ದರೆ ತಪ್ಪು ಯಾವುದರದ್ದು? ದಿನವಿಡೀ ಇದರಲ್ಲೇ ದುಡಿಯುವವರು, ಇದನ್ನು ಕಟ್ಟುವವರು ಇಲ್ಲಿದ್ದರೆ ದಯವಿಟ್ಟು ಹೇಳಿ.


ಉತ್ತರ 1 — ಪರದೆ ವಿನ್ಯಾಸಕಿ

ಸರ್, ನನ್ನ ವೃತ್ತಿಯೇ ಪರದೆ ವಿನ್ಯಾಸ. ವಿನ್ಯಾಸ ಅಂದರೆ ಬಣ್ಣ ಬಳಿಯುವುದು ಎಂಬ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಸಹೋದ್ಯೋಗಿಯ ಕಥೆ ಮೈಕ್ರೋಸಾಫ್ಟ್ ವರ್ಡ್‌ನ ಕಥೆಯೂ ಹೌದು. ವಿಂಡೋಸ್‌ಗೆ ಬಂದ ಮೊದಲ ವರ್ಡ್‌ನಲ್ಲಿ ಇದ್ದದ್ದು ಎರಡು ಟೂಲ್‌ಬಾರ್. ವರ್ಡ್ 2003ರ ಹೊತ್ತಿಗೆ 31 ಟೂಲ್‌ಬಾರ್, ಜೊತೆಗೆ ಪಕ್ಕದಲ್ಲಿ ತೆರೆದುಕೊಳ್ಳುವ 19 ಫಲಕ. ಆವೃತ್ತಿ ಆವೃತ್ತಿಗೂ ಸೌಲಭ್ಯ ಸೇರಿಸಿದರು, ಸೇರಿಸಿದ್ದಕ್ಕೆಲ್ಲ ಎಲ್ಲೋ ಒಂದು ಬಟನ್ ತುರುಕಿದರು. ಕೊನೆಗೆ ಏನಾಯಿತೆಂದರೆ, ಜನ "ಇಂಥದ್ದೊಂದು ಕೊಡಿ" ಎಂದು ಕೇಳುತ್ತಿದ್ದವುಗಳಲ್ಲಿ ಎಷ್ಟೋ ಆಗಲೇ ಒಳಗಿದ್ದವು. ನಡುವೆ, ವರ್ಡ್ ಕೂಡ ಸೇರಿರುವ ಆಫೀಸ್ ಕಂತೆಯ 2000ದ ಆವೃತ್ತಿಯಲ್ಲಿ ಒಂದು ಉಪಾಯ ಮಾಡಿದ್ದರು: ನೀವು ಬಳಸದ ಆಯ್ಕೆಗಳನ್ನು ಮೆನು ತಾನಾಗಿ ಮರೆಮಾಡುತ್ತಿತ್ತು. ಕೈಗೆ ರೂಢಿಯಾಗುವುದು ಜಾಗ. ಆ ಜಾಗವೇ ದಿನಕ್ಕೊಂದು ಕಡೆ ಓಡಾಡಿದರೆ ರೂಢಿ ಎಲ್ಲಿಂದ ಬರಬೇಕು? ಆಫೀಸ್ 2007ರಲ್ಲಿ ಆ ಮೆನುಗಳನ್ನೇ ತೆಗೆದು ರಿಬ್ಬನ್ ತಂದರು, ಅಂದರೆ ಬಟನ್‌ಗಳನ್ನು ಟ್ಯಾಬ್‌ಗಳಲ್ಲಿ ಗುಂಪು ಮಾಡಿ ಮೇಲೆ ಜೋಡಿಸಿದ ಪಟ್ಟಿ.

ಆ ಹೊತ್ತಿನಲ್ಲಿ ವರ್ಡ್ 2003ರ ಬಳಕೆಯ ಲೆಕ್ಕವನ್ನು ಅವರು ಹಂಚಿಕೊಂಡಿದ್ದರು. ಪೇಸ್ಟ್, ಸೇವ್, ಕಾಪಿ, ಅಂಡೂ, ಬೋಲ್ಡ್ ಈ ಐದೇ ಸೇರಿ ಒಟ್ಟು ಬಳಕೆಯಲ್ಲಿ 32%. ಪೇಸ್ಟ್ ಒಂದೇ 11%ಕ್ಕೂ ಹೆಚ್ಚು. ಇದನ್ನು ತೋರಿಸಿ "ಉಳಿದದ್ದೆಲ್ಲ ತೆಗೆದುಬಿಡಿ, ಪರದೆ ಚೊಕ್ಕವಾಗಲಿ" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ರಾಸ್ ರೆಫರೆನ್ಸ್ ನೂರರಲ್ಲಿ ಒಬ್ಬರಿಗೆ ಬೇಕಾಗಬಹುದು. ಆ ಒಬ್ಬರಿಗೆ ಅದಿಲ್ಲದೆ ಕೆಲಸವೇ ಇಲ್ಲ.

ನಿಮ್ಮ ಪತ್ರದಲ್ಲಿ ಹೀಗೆ ಬರೆಯಿರಿ: ಐಕಾನ್ ಬದಲಿಸುವ ಗೋಜಿಗೆ ಹೋಗಬೇಡಿ, ಜೋಡಣೆ ಬದಲಿಸಿ. ಹಳೆಯದನ್ನು ಕಿತ್ತು ಹಾಕಬೇಕಿಲ್ಲ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದವರು 2017ರ 5.3ನೇ ಆವೃತ್ತಿಯಲ್ಲಿ ಹೊಸ ಜೋಡಣೆಯನ್ನು ಪ್ರಯೋಗಕ್ಕೆಂದು ಇಟ್ಟರು, 2019ರ 6.2ರಲ್ಲಿ ಟ್ಯಾಬ್ ಜೋಡಣೆ ಎಲ್ಲರಿಗೂ ಸಿಗುವ ಆಯ್ಕೆಯಾಯಿತು. ಹಳೆಯ ಮೆನು ಬೇಕೆನ್ನುವವರಿಗೆ ಅದು ಈಗಲೂ ಇದೆ.

ಇನ್ನೊಂದು ಮಾತು. ನಿಮ್ಮ ಸಹೋದ್ಯೋಗಿಯ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಏನನ್ನೂ ಹೇಳಿಕೊಡಬೇಡಿ. ಅವರು ಆ ಸೌಲಭ್ಯವನ್ನು ಹುಡುಕುವಾಗ ಕರ್ಸರ್ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿ, ನೋಡಿದ್ದನ್ನು ಇಲ್ಲಿ ಬರೆಯಿರಿ. ನನ್ನ ಅಭಿಪ್ರಾಯಕ್ಕಿಂತ ಅದು ಹೆಚ್ಚು ತೂಗುತ್ತದೆ.


ಉತ್ತರ 2 — ಕೋಡ್ ಬರೆಯುವವ

ನಾನೂ ಒಂದು ಮುಕ್ತ ತಂತ್ರಾಂಶಕ್ಕೆ ಬಿಡುವಿನಲ್ಲಿ ಕೋಡ್ ಬರೀತೀನಿ. ಎರಡರಲ್ಲಿ ಒಂದು ಅನ್ನೋ ಲೆಕ್ಕವನ್ನೇ ನಾನು ಒಪ್ಪಲ್ಲ. ಐಕಾನ್ ಬಿಡಿಸೋರನ್ನ ಕರೆದು "ಪುಟ ಮುರಿಯೋ ಕೋಡ್ ಸರಿಮಾಡಿ" ಅಂದ್ರೆ ಆಗಲ್ಲ, ನನ್ನನ್ನ ಕರೆದು ಐಕಾನ್ ಬಿಡಿಸು ಅಂದ್ರೂ ಆಗಲ್ಲ. ಸ್ವಯಂಸೇವಕರು ಯಾರು ಯಾವುದಕ್ಕೆ ಬಂದಿದ್ದಾರೋ ಅದನ್ನೇ ಮಾಡ್ತಾರೆ. ನಿಮ್ಮ ತಂಡದಲ್ಲಿ ಈಗ ಯಾರಿದ್ದಾರೆ ಅಂತ ಮೊದಲು ಕೇಳಿ.

ಸೌಲಭ್ಯ ಅಂದಾಗ ಜನ ಹೊಸ ಬಟನ್ ಅಂದ್ಕೊಳ್ತಾರೆ. ನಿಜವಾದ ಕೆಲಸ ಹಾಗೆ ಕಾಣೋದೇ ಇಲ್ಲ. ಒಂದು ಉದಾಹರಣೆ ಕೊಡ್ತೀನಿ. ಪಠ್ಯ ಸುತ್ತುವರಿದಿರೋ ತೇಲುವ ಟೇಬಲ್ ಇರುತ್ತಲ್ಲ, ಅದು ಒಂದು ಪುಟದಲ್ಲಿ ಹಿಡಿಸದಿದ್ರೆ ಮುಂದಿನ ಪುಟಕ್ಕೆ ಹರೀಬೇಕು. ಲಿಬ್ರೆಆಫೀಸ್‌ನ ವರ್ಡ್ ಪ್ರೊಸೆಸರ್ ಆಗಿರೋ ರೈಟರ್‌ನಲ್ಲಿ ಇದು ಬಂದಿದ್ದು 2023ರ 7.6ರಲ್ಲಿ. ಆ ವಂಶದ ಮೂಲ 1985ರ ಸ್ಟಾರ್‌ರೈಟರ್, ಅಂದ್ರೆ ಎಷ್ಟು ವರ್ಷ ಕಾದಿದೆ ನೋಡಿ. ಯಾಕೆ ಕಷ್ಟ? ಟೇಬಲ್ ಎರಡಾದ್ರೆ ಅದರ ಪಕ್ಕದ ಸಾಲುಗಳನ್ನ ಮತ್ತೆ ಜೋಡಿಸಬೇಕು. ಸಾಲು ಕೆಳಗಿಳಿದ್ರೆ ಅದರಲ್ಲಿರೋ ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಹೋಗುತ್ತೆ. ಅಡಿಟಿಪ್ಪಣಿ ಹೋದ್ರೆ ಈ ಪುಟದಲ್ಲಿ ಜಾಗ ಬಿಡುವಾಗುತ್ತೆ. ಜಾಗ ಸಿಕ್ಕಿತು ಅಂತ ಟೇಬಲ್ ವಾಪಸ್ ಬರುತ್ತೆ. ಟೇಬಲ್ ಬಂತು ಅಂತ ಸಾಲು ಮತ್ತೆ ಕೆಳಗಿಳಿಯುತ್ತೆ. ಈ ಸುತ್ತಿಂದ ಹೊರಗೆ ಬರೋ ದಾರಿಯನ್ನ ಕೋಡ್‌ನಲ್ಲಿ ಬರೆದಿಲ್ಲ ಅಂದ್ರೆ ತಂತ್ರಾಂಶ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಬಳಕೆದಾರರಿಗೆ ಕಾಣೋದು ತಿರುಗ್ತಾ ಇರೋ ಚಕ್ರ.

ಇನ್ನೊಂದು ತೀರಾ ಸಣ್ಣದು. 2024ರಲ್ಲಿ ಬಂದ ಲಿಬ್ರೆಆಫೀಸ್ 24.2ರಲ್ಲಿ ಆಟೋ ರಿಕವರಿ ಮಾಹಿತಿ (ತಂತ್ರಾಂಶ ದಿಢೀರ್ ನಿಂತರೆ ಬರೆದದ್ದನ್ನ ವಾಪಸ್ ತರೋಕೆ ಬೇಕಾದದ್ದು) ಉಳಿಸೋ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಆಗಿ ಬರೋ ಹಾಗೆ ಮಾಡಿದ್ರು. ಒಂದು ಟಿಕ್, ಅಷ್ಟೇ. ಹೊಸ ಆವೃತ್ತಿ ತೆರೆದವರ ಕಣ್ಣಿಗೆ ಅದು ಬೀಳೋದೇ ಇಲ್ಲ. ಕಂಪ್ಯೂಟರ್ ಆರಿಹೋದ ದಿನ ಮಾತ್ರ ಗೊತ್ತಾಗುತ್ತೆ. ನನ್ನ ಮಟ್ಟಿಗೆ ಬರೆದದ್ದು ಕಳೆದುಹೋಗದಿರೋದು ಮೊದಲು, ಉಳಿದದ್ದೆಲ್ಲ ಆಮೇಲೆ.

ಪೂರ್ತಿ ಮರುವಿನ್ಯಾಸದ ಖರ್ಚನ್ನೂ ಜನ ಕಡಿಮೆ ಅಂದಾಜು ಮಾಡ್ತಾರೆ. ಮೆನು ಜಾಗ ಬದಲಾದ್ರೆ ಸಹಾಯ ಪುಟಗಳೆಲ್ಲ ಹಳತಾಗುತ್ತೆ, ಅವುಗಳಲ್ಲಿರೋ ಸ್ಕ್ರೀನ್‌ಶಾಟ್‌ಗಳೆಲ್ಲ ಹಳತಾಗುತ್ತೆ, ಅಷ್ಟೂ ಭಾಷೆಯ ಅನುವಾದಕರು ಮತ್ತೆ ಕೂರಬೇಕು.

ಅಡಿಬರಹ ಅಳಿಸುವಾಗ ಎಚ್ಚರಿಸಬೇಕು ಅನ್ನೋ ನಿಮ್ಮ ಬೇಡಿಕೆ ನ್ಯಾಯವಾದದ್ದು. ಯಾವ ರೆಫರೆನ್ಸ್ ಯಾವ ಬುಕ್‌ಮಾರ್ಕ್ ಹಿಡ್ಕೊಂಡಿದೆ ಅನ್ನೋ ಮಾಹಿತಿ ಫೈಲ್ ಒಳಗೇ ಇದೆ. ಅಳಿಸೋ ಮುಂಚೆ ಎಣಿಸಿ ಹೇಳಬಹುದು. ಅದನ್ನ ಬಿಡದೆ ಕೇಳಿ.


ಉತ್ತರ 3 — ಕಿವಿಯಿಂದ ಓದುವವಳು

ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಹಸ್ತಪ್ರತಿ ತಿದ್ದುವ ಕೆಲಸ ಮಾಡುತ್ತೇನೆ. ಈ ಚರ್ಚೆಯಲ್ಲಿ "ಕಣ್ಣಿಗೆ ಬೀಳುವುದು" ಎಂಬ ಮಾತು ಮತ್ತೆ ಮತ್ತೆ ಬಂದಿದ್ದರಿಂದ ಬರೆಯುತ್ತಿದ್ದೇನೆ.

ನಿಮಗೆ ಪರದೆ ಒಟ್ಟಿಗೆ ಕಾಣುವ ಹಾಳೆ. ನನಗೆ ಅದು ಒಂದರ ಹಿಂದೊಂದು ಬರುವ ಮಾತು. ನಾನು ಬಳಸುತ್ತಿದ್ದ ಒಂದು ತಂತ್ರಾಂಶ ಹೊಸ ವಿನ್ಯಾಸಕ್ಕೆ ಬದಲಾದ ಬೆಳಿಗ್ಗೆ ಟ್ಯಾಬ್ ಕೀಲಿ ಒತ್ತುತ್ತಾ ಹೋದೆ. "ಬಟನ್. ಬಟನ್. ಬಟನ್." ಹದಿನಾಲ್ಕು ಸಲ. ಚಿತ್ರ ಬಿಡಿಸಿದವರು ಬಟನ್‌ಗಳಿಗೆ ಹೆಸರಿಡುವುದನ್ನು ಮರೆತಿದ್ದರು. ಅವತ್ತು ಕೊಡಬೇಕಿದ್ದ ಹಸ್ತಪ್ರತಿ ಮೂರು ದಿನ ತಡವಾಯಿತು. ಒಂದು ಸೌಲಭ್ಯವೂ ಕಡಿಮೆಯಾಗಿರಲಿಲ್ಲ, ಎಲ್ಲವೂ ಒಳಗೇ ಇದ್ದವು. ನನಗೆ ಮಾತ್ರ ಬಾಗಿಲು ಮುಚ್ಚಿತ್ತು.

ಆದ್ದರಿಂದ, ವಿನ್ಯಾಸಕಿ ಮೇಡಂ, ಜೋಡಣೆ ಬದಲಿಸುವಾಗ ಕೀಲಿಗಳ ದಾರಿಯನ್ನು ಮುಟ್ಟಬೇಡಿ ಎಂಬುದು ನನ್ನ ಕೋರಿಕೆ. ಆಫೀಸ್ 2007 ಮೆನು ತೆಗೆದದ್ದು ನಿಜ. ಆದರೆ 2003ರ ಮೆನುವಿಗೆ ಆಲ್ಟ್ ಹಿಡಿದು ಒತ್ತುತ್ತಿದ್ದ ಅಕ್ಷರಗಳ ಸರಣಿಯನ್ನು ಹೊಸದು ಕೂಡ ಗುರುತಿಸುತ್ತಿತ್ತು. ಬೆರಳಿಗೆ ಗೊತ್ತಿದ್ದ ದಾರಿ ಉಳಿಯಿತು.

ಇನ್ನು ಸ್ಟೈಲ್ ವಿಷಯ, ಅಂದರೆ ಇದು ಹೆಡಿಂಗ್, ಇದು ಪಠ್ಯ ಎಂದು ತಂತ್ರಾಂಶಕ್ಕೆ ತಿಳಿಯುವಂತೆ ಸಾಲಿಗೆ ಹಾಕುವ ಗುರುತು. ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಒತ್ತಿದರೆ ನಿಮಗೆ ಅದು ಹೆಡಿಂಗ್. ನನ್ನ ಕಿವಿಗೆ ಅದು ಇನ್ನೊಂದು ಸಾಲು, ಅಷ್ಟೇ. ಹೆಡಿಂಗ್ 1, ಹೆಡಿಂಗ್ 2 ಎಂದು ಸ್ಟೈಲ್ ಹಾಕಿದ ಫೈಲ್ ಬಂದರೆ ವರ್ಡ್‌ನಲ್ಲಿ ಎನ್‌ವಿಡಿಎಯ ಬ್ರೌಸ್ ಮೋಡ್‌ಗೆ ಹೋಗಿ ಎಚ್ ಕೀಲಿ ಒತ್ತುತ್ತಾ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗುತ್ತೇನೆ. ಸ್ಟೈಲ್ ಹಾಕದ 300 ಪುಟ ಬಂದರೆ ಬೇಕಾದ ಭಾಗ ಎಲ್ಲಿದೆ ಎಂದು ತಿಳಿಯಲು ಮೊದಲಿನಿಂದ ಕೇಳುತ್ತಾ ಬರಬೇಕು. ಬೋಲ್ಡ್ ಬಟನ್ ಎಲ್ಲೆಡೆ ಮೊದಲು ಕೈಗೆ ಸಿಗುತ್ತದೆ, ಸ್ಟೈಲ್ ಅದರ ಹಿಂದೆ ಎಲ್ಲೋ ಇರುತ್ತದೆ. ಜನ ಬೋಲ್ಡ್ ಒತ್ತುವುದರಲ್ಲಿ ಅವರ ತಪ್ಪೇನೂ ಇಲ್ಲ. ಹೊಸ ವಿನ್ಯಾಸ ಬರುವುದೇ ಆದರೆ ಸ್ಟೈಲ್ ಮುಂದಕ್ಕೆ ಬರಲಿ.


ಉತ್ತರ 4 — ಹಳೆಯ ಬೆರಳಚ್ಚುಗಾರ

ನಾನು ವರ್ಡ್‌ಪರ್ಫೆಕ್ಟ್ 5.1ರಲ್ಲಿ ಕೈ ಪಳಗಿಸಿಕೊಂಡವನು. 1989ರ ತಂತ್ರಾಂಶ, ನೀಲಿ ಪರದೆ, ಬರಿ ಅಕ್ಷರ. ಚಂದವೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಅದರಲ್ಲಿ ರಿವೀಲ್ ಕೋಡ್ಸ್ ಎಂದಿತ್ತು. ಪರದೆಯ ಕೆಳಭಾಗ ತೆರೆದುಕೊಂಡು ಬೋಲ್ಡ್ ಎಲ್ಲಿ ಶುರುವಾಗಿದೆ, ಎಲ್ಲಿ ಮುಗಿದಿದೆ, ಅಂಚು ಎಲ್ಲಿ ಬದಲಾಗಿದೆ ಎಂದು ಒಂದೊಂದನ್ನೂ ಬಿಡಿಸಿ ತೋರಿಸುತ್ತಿತ್ತು. ಪುಟ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಅಲ್ಲೇ ಕಾಣುತ್ತಿತ್ತು. ಅದನ್ನು ವಿನ್ಯಾಸ ಅನ್ನುತ್ತೀರೋ, ಸೌಲಭ್ಯ ಅನ್ನುತ್ತೀರೋ?

ಲಿಬ್ರೆಆಫೀಸ್ 7.6ರಿಂದ ಸ್ಟೈಲ್‌ಗಳಿಗೆ ಸ್ಪಾಟ್‌ಲೈಟ್ ಬಂದಿದೆ. ಯಾವ ಪ್ಯಾರಾಗೆ ಯಾವ ಸ್ಟೈಲ್ ಇದೆ, ಎಲ್ಲಿ ಸ್ಟೈಲ್ ಬಿಟ್ಟು ಕೈಯಿಂದ ಬದಲಿಸಲಾಗಿದೆ ಎಂದು ಗುರುತು ಹಾಕಿ ತೋರಿಸುತ್ತದೆ. ಬೇರೆಯವರ ಫೈಲ್ ಕೈಗೆ ಬಂದಾಗ ನಾನು ಮೊದಲು ಆನ್ ಮಾಡುವುದೇ ಅದನ್ನು. ನಿಮ್ಮ ತಂತ್ರಾಂಶದಲ್ಲೂ ಜೀವಂತ ರೆಫರೆನ್ಸ್‌ಗೂ ಕೈಯಿಂದ ಟೈಪ್ ಮಾಡಿದ "ಚಿತ್ರ 41"ಕ್ಕೂ ಪರದೆಯ ಮೇಲೆ ವ್ಯತ್ಯಾಸ ಕಾಣುವ ಹಾಗಿದ್ದಿದ್ದರೆ ನೀವು ಬೆಳಗಿನ ಜಾವದವರೆಗೆ ಪೆನ್ಸಿಲ್ ಹಿಡಿಯಬೇಕಾಗಿರಲಿಲ್ಲ.


ಪ್ರಶ್ನೆ ಕೇಳಿದವರಿಂದ, ಐದು ದಿನದ ನಂತರ

ಎಲ್ಲರಿಗೂ ಕೃತಜ್ಞತೆ. ವಿನ್ಯಾಸಕಿ ಮೇಡಂ ಹೇಳಿದಂತೆ ಸಹೋದ್ಯೋಗಿಯ ಪಕ್ಕ ಕೂತೆ. ಹನ್ನೆರಡು ಪುಟದ ಒಂದು ಭಾಗ ಕೊಟ್ಟು, "ಈ ಸಾಲಿನಲ್ಲಿ ಚಿತ್ರ 7 ಅಂತ ಬರಬೇಕು, ಚಿತ್ರ ಎಲ್ಲಿಗೆ ಹೋದರೂ ಸಂಖ್ಯೆ ತಾನೇ ಬದಲಾಗಬೇಕು, ಮಾಡಿ" ಎಂದು ಹೇಳಿ ಸುಮ್ಮನಾದೆ.

ಅವರು ಮೊದಲು ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರು. ಕಟ್, ಕಾಪಿ, ಫಾಂಟ್, ಹೈಪರ್‌ಲಿಂಕ್. ಹೈಪರ್‌ಲಿಂಕ್ ತೆರೆದು, ವೆಬ್ ವಿಳಾಸ ಕೇಳುವ ಪೆಟ್ಟಿಗೆ ನೋಡಿ ಮುಚ್ಚಿದರು. ಆಮೇಲೆ ಇನ್ಸರ್ಟ್ ಮೆನು. ಕರ್ಸರ್ ಕೆಳಗಿಳಿಯುತ್ತಾ ಕ್ರಾಸ್ ರೆಫರೆನ್ಸ್ ದಾಟಿ ಹೋಯಿತು, ಮೆನುವಿನ ಕೊನೆ ಮುಟ್ಟಿ ವಾಪಸ್ ಬಂತು. "ಇದಾ ಸರ್?" ನಾನು ಬಾಯಿ ಬಿಡಲಿಲ್ಲ. ತೆರೆದರು. ಕಿಟಕಿಯೊಳಗೆ ಅಕ್ಕಪಕ್ಕ ಎರಡು ಪಟ್ಟಿ. ಎಡಗಡೆ ಹೆಡಿಂಗ್, ಬುಕ್‌ಮಾರ್ಕ್, ಅಡಿಟಿಪ್ಪಣಿ. ಚಿತ್ರ ಎಂಬುದು ಪಟ್ಟಿಯ ತೀರಾ ಕೆಳಗೆ, ಸ್ಕ್ರೋಲ್ ಮಾಡದೆ ಕಾಣುವುದಿಲ್ಲ. ಒಂದೆಂಟು ಸೆಕೆಂಡ್ ನೋಡಿದರು, ಎಸ್ಕೇಪ್ ಒತ್ತಿದರು, "ಚಿತ್ರ 7" ಎಂದು ಟೈಪ್ ಮಾಡಿದರು. ಆಮೇಲೆ ಕೇಳಿದಾಗ ಹೇಳಿದ್ದು: "ಕ್ರಾಸ್ ರೆಫರೆನ್ಸ್ ಅಂದ್ರೆ ಪುಸ್ತಕದ ಕೊನೇಲಿ ಬರೋ ಗ್ರಂಥಸೂಚಿ ಅಂದ್ಕೊಂಡಿದ್ದೆ ಸರ್."

ಹನ್ನೆರಡು ವರ್ಷದಲ್ಲಿ ಆ ಹೆಸರು ಯಾರಿಗಾದರೂ ಅರ್ಥವಾಗದೆ ಹೋಗಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮೇಡಂ, ಒಂದು ವಿಷಯದಲ್ಲಿ ಮಾತ್ರ ನಿಮ್ಮಿಂದ ಬೇರೆಯಾಗುತ್ತೇನೆ. ಮೇಲಿನ ಮೆನುವನ್ನು ಟ್ಯಾಬ್ ಮಾಡಿದ್ದರೂ ಇಲ್ಲಿ ಫಲ ಅದೇ. ಅವರ ಕರ್ಸರ್ ಸರಿಯಾದ ಜಾಗ ತಲುಪಿತ್ತು. ಕಳೆದುಹೋದದ್ದು ಆ ಕಿಟಕಿಯೊಳಗೆ. ಮರುವಿನ್ಯಾಸ ಬೇಕಿರುವುದು ಆ ಒಂದು ಕಿಟಕಿಗೆ, ಇಡೀ ಪರದೆಗಲ್ಲ. ಅದನ್ನೇ ಪತ್ರದಲ್ಲಿ ಬರೆದೆ. ಯಾರಾದರೂ "ಚಿತ್ರ" ಎಂದು ಬರೆದು ಪಕ್ಕದಲ್ಲಿ ಅಂಕಿ ಟೈಪ್ ಮಾಡಿದರೆ, ಫೈಲ್‌ನಲ್ಲಿರುವ ಚಿತ್ರಗಳ ಪಟ್ಟಿ ಅಲ್ಲೇ ಸಾಲಿನ ಕೆಳಗೆ ಬರಲಿ, ಆರಿಸಿದರೆ ಕೊಂಡಿ ಬೀಳಲಿ, ಬೇಡದಿದ್ದರೆ ಟೈಪ್ ಮಾಡುತ್ತಾ ಮುಂದೆ ಹೋಗಲಿ. ಕ್ರಾಸ್ ರೆಫರೆನ್ಸ್ ಎಂಬ ಪದವನ್ನು ಅವರು ಕಲಿಯಬೇಕಾದ ಅಗತ್ಯವೇ ಬೀಳಬಾರದು. ಅಡಿಬರಹ ಅಳಿಸುವಾಗ "ಇದನ್ನು 5 ಕಡೆ ಉಲ್ಲೇಖಿಸಲಾಗಿದೆ" ಎಂಬ ಎಚ್ಚರಿಕೆ, ಹಿರಿಯರು ಹೇಳಿದಂತೆ ಜೀವಂತ ರೆಫರೆನ್ಸ್‌ಗೆ ಪರದೆಯ ಮೇಲೆ ಗುರುತು, ಇವೆರಡನ್ನೂ ಸೇರಿಸಿದೆ. ಹಾಗೆಯೇ ಐಕಾನ್‌ಗಳನ್ನು ಇದ್ದ ಹಾಗೇ ಬಿಡಿ, ಆಲ್ಟ್ ಕೀಲಿಗಳನ್ನು ಮುಟ್ಟಬೇಡಿ ಎಂದೂ ಬರೆದೆ.

ನಿನ್ನೆ ಉತ್ತರ ಬಂತು. ಅಳಿಸುವಾಗಿನ ಎಚ್ಚರಿಕೆಯನ್ನು ಒಬ್ಬರು ಕೈಗೆತ್ತಿಕೊಂಡಿದ್ದಾರೆ. ಟೈಪ್ ಮಾಡುವಾಗ ಬರುವ ಪಟ್ಟಿಯ ಬಗ್ಗೆ ಇನ್ನೂ ಚರ್ಚೆ ನಡೆದಿದೆ. ಸಾಲಿನ ಕೆಳಗೆ ಏಳುವ ಪಟ್ಟಿ ಸ್ಕ್ರೀನ್ ರೀಡರ್ ಬಳಸುವವರಿಗೆ ಅಡ್ಡಿಯಾಗಬಹುದು ಎಂದು ತಂಡದಲ್ಲೇ ಒಬ್ಬರು ಕೇಳಿದ್ದಾರಂತೆ. ಅದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ. ಕಿವಿಯಿಂದ ಓದುವ ಮೇಡಂ, ಪರೀಕ್ಷೆಯ ಆವೃತ್ತಿ ಸಿಕ್ಕ ಕೂಡಲೇ ನಿಮಗೆ ಕಳಿಸಲೇ? ಜೊತೆಗೆ ಆ ಹನ್ನೆರಡು ಪುಟದ ಫೈಲನ್ನೂ ಇಡುತ್ತೇನೆ. ಹೆಡಿಂಗ್‌ಗಳಿಗೆಲ್ಲ ಸ್ಟೈಲ್ ಹಾಕಿದ್ದೇನೆ.